ಮುಟ್ಟಿದರೆ ಕೇಳಿಸುವ ಮನಸ್ಸು

ಕಳೆದ ಹತ್ತಿ ಸುಗ್ಗಿಯ ಮಾತು. ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ ಮಾಲು ಇಳಿಸಿ, ತೂಕದ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ದೇವದುರ್ಗ ಕಡೆಯ ರೈತರೊಬ್ಬರು ನಮ್ಮ ಮನೆಗೆ ಬಂದರು. ಅವರ ಮಗಳು ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿ. ಈಗ ರಾಯಚೂರಿನ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಮೊದಲ ವರ್ಷ ಓದುತ್ತಿದ್ದಾಳೆ. ಹದಿನೆಂಟು ತುಂಬಿದೆ. ನೀರು ಕುಡಿದ ಮೇಲೆ ಅವರು ಅಂಗಿಯ ಜೇಬಿನಿಂದ ಒಂದು ಮೊಬೈಲು ತೆಗೆದು ಮೇಜಿನ ಮೇಲಿಟ್ಟರು. ಮಗಳ ಮೊಬೈಲು.

"ಸರ್ರ, ಇದರಾಗ ನೋಡ್ರಿ. ಇಬ್ಬರು ಹುಡುಗರು ಕೈ ಕೈ ಹಿಡಕೊಂಡು ಕುಂತಾರ. ಒಬ್ಬನಿಗೊಬ್ಬ ಪ್ರೀತಿ ಮಾಡತೀನಿ ಅಂತಾನ. ಒಂದಲ್ಲ ಎರಡಲ್ಲ, ಇಂಥಾವ ರಾಶಿ ಅದಾವ. ಹಬ್ಬಕ್ಕ ಊರಿಗೆ ಬಂದಾಗ ಹೊದಿಕಿ ಒಳಗ ಇಟಕೊಂಡು ರಾತ್ರಿ ಎರಡರ ತನಕ ನೋಡ್ಯಾಳ. ಇದು ರೋಗಾ ಏನ್ರಿ? ಡಾಕ್ಟರಿಗೆ ತೋರಸಬೇಕಾ? ನೀವು ಸೈನ್ಸ್ ಮಾಸ್ತರು, ನೀವೇ ಹೇಳ್ರಿ. ನನಗಂತೂ ಓದಿಸಿದ್ದು ಸಾಕಾತು. ಒಂದು ಗಂಡು ನೋಡಿ ಮುಗಿಸಿಬಿಡತೀನಿ."

ಹತ್ತನೆಯ ತರಗತಿಯಲ್ಲಿ ಶಾಲೆಗೇ ಮೊದಲು ಬಂದ ಹುಡುಗಿ. ಒಂದು ಮೊಬೈಲಿನ ಪರದೆ ನೋಡಿ ಅವಳ ಓದು ನಿಲ್ಲುವುದರಲ್ಲಿತ್ತು. ನಾನು ಆ ದಿನ ಉತ್ತರ ಹೇಳಲಿಲ್ಲ. "ಎರಡು ವಾರ ಟೈಮ್ ಕೊಡ್ರಿ. ಅಲ್ಲಿ ತನಕ ಕಾಲೇಜು ಬಿಡಸಬ್ಯಾಡ್ರಿ" ಎಂದಷ್ಟೇ ಕೇಳಿಕೊಂಡೆ. ಕಣ್ಣಿಂದ ನೋಡದೆ ಇದು ಆಮ್ಲ, ಇದು ಪ್ರತ್ಯಾಮ್ಲ ಎಂದು ಬರೆಯಬೇಡಿ ಎಂದು ಮಕ್ಕಳಿಗೆ ಹೇಳುವವನು ನಾನು. ನೋಡದೆ ನಾನೇ ಹೇಗೆ ಬರೆಯಲಿ?

ಅವರು ಒಪ್ಪಿ ಬಸ್ ಹತ್ತಿದರು. ಈ ಸಂಗತಿಯನ್ನು ತಂದೆ ಮಗಳು ಇಬ್ಬರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು, ಊರು ಬೇಡ.

ಲಿಫ್ಟಿನಲ್ಲಿ ಕೇಳಿದ ಮಾತು

ಏಷ್ಯಾದ ದೇಶಗಳ ಈ ಧಾರಾವಾಹಿಗಳಿಗೆ 'ಬಾಯ್ಸ್ ಲವ್' ಎಂದು ಹೆಸರು. ಮಕ್ಕಳು ಚಿಕ್ಕದಾಗಿ ಬಿ.ಎಲ್. ಎನ್ನುತ್ತಾರೆ. ಹುಡುಗನೊಬ್ಬ ಇನ್ನೊಬ್ಬ ಹುಡುಗನನ್ನು ಪ್ರೀತಿಸುವ ಕಥೆಗಳು. ಥಾಯ್ಲೆಂಡ್, ಜಪಾನ್, ತೈವಾನ್, ದಕ್ಷಿಣ ಕೊರಿಯಾಗಳಲ್ಲಿ ತಯಾರಾಗುತ್ತವೆ. ಇಂಗ್ಲಿಷ್ ಅಡಿಬರಹವಿರುವುದರಿಂದ ನಮ್ಮ ಮಕ್ಕಳೂ ನೋಡುತ್ತಾರೆ. ಅನೇಕ ಥಾಯ್ ಧಾರಾವಾಹಿಗಳು ಯೂಟ್ಯೂಬಿನಲ್ಲಿ ಪುಕ್ಕಟೆಯಾಗಿಯೇ ಸಿಗುತ್ತವೆ.

ಹುಡುಗಿಯನ್ನು ಕೇಳಿ, ಅವಳೇ 'ಇದನ್ನು ಮೊದಲು ನೋಡಿರಿ' ಎಂದು ಹೇಳಿದ 'ಚೆರಿ ಮ್ಯಾಜಿಕ್' ಎಂಬ ಜಪಾನಿ ಧಾರಾವಾಹಿಯನ್ನು ನಾನು ಮತ್ತು ನನ್ನ ಮನೆಯವರು ನೋಡಿದೆವು. ೨೦೨೦ರ ಕೊನೆಯಲ್ಲಿ ಟಿ.ವಿ. ಟೋಕಿಯೊದಲ್ಲಿ ಪ್ರಸಾರವಾದದ್ದು. ಯೂ ತೊಯೊತಾ ಎಂಬ ಲೇಖಕಿಯ ಚಿತ್ರಕಥೆ ಇದಕ್ಕೆ ಆಧಾರ. ಒಟ್ಟು ಹನ್ನೆರಡು ಕಂತು, ಒಂದೊಂದೂ ಅರ್ಧ ಗಂಟೆಯೊಳಗೇ ಮುಗಿಯುತ್ತದೆ.

ಕಥೆ ಇಷ್ಟು. ಪೆನ್ನು, ನೋಟು ಪುಸ್ತಕ ಮುಂತಾದ ಲೇಖನ ಸಾಮಗ್ರಿ ತಯಾರಿಸುವ ಕಂಪನಿಯಲ್ಲಿ ಅದಾಚಿ ಎಂಬ ಸಂಕೋಚದ ನೌಕರ. ತಾನು ಯಾತಕ್ಕೂ ಬಾರದವನು ಎಂದು ತಿಳಿದುಕೊಂಡವನು. ಮೂವತ್ತನೆಯ ಹುಟ್ಟುಹಬ್ಬದ ದಿನ ಅವನಿಗೊಂದು ವಿಚಿತ್ರ ಶಕ್ತಿ ಬರುತ್ತದೆ. ಯಾರನ್ನು ಮುಟ್ಟಿದರೆ ಅವರ ಮನಸ್ಸಿನ ಮಾತು ಅವನಿಗೆ ಕೇಳಿಸುತ್ತದೆ. ಕಿಕ್ಕಿರಿದ ಲಿಫ್ಟಿನಲ್ಲಿ ಸಹೋದ್ಯೋಗಿ ಕುರೊಸಾವಾನ ಮೈ ತಾಗುತ್ತದೆ. ಕಂಪನಿಯಲ್ಲೆಲ್ಲ ಚೆಲುವ, ಜಾಣ ಎನಿಸಿಕೊಂಡ ಆ ಕುರೊಸಾವಾ ಮನಸ್ಸಿನಲ್ಲಿ ಧ್ಯಾನಿಸುತ್ತಿರುವುದು ಈ ಅದಾಚಿಯನ್ನೇ!

ವಿಜ್ಞಾನದ ಮೇಷ್ಟ್ರಾಗಿ ನಾನು ನಕ್ಕೆ. ಮುಟ್ಟಿದರೆ ಶಾಖ ಹರಿಯುತ್ತದೆ, ಮಾತು ಹೇಗೆ ಹರಿಯುತ್ತದೆ? ಆದರೆ ಮೂರನೆಯ ಕಂತಿಗೆ ಬರುವಷ್ಟರಲ್ಲಿ ನಗು ನಿಂತಿತ್ತು. ಕುರೊಸಾವಾ ಪ್ರೀತಿಯಿಂದ ಅಡುಗೆ ಮಾಡಿ ಬಡಿಸುತ್ತಾನೆ. ತನ್ನ ಮನಸ್ಸನ್ನು ಹೇಳಿದರೆ ಇವನಿಗೆ ಮುಜುಗರವಾದೀತು ಎಂದು ಬಾಯಿ ಬಿಗಿಹಿಡಿಯುತ್ತಾನೆ. ಕೇಳಿಸಿಕೊಂಡವನಿಗೋ, ಕದ್ದು ಕೇಳಿದೆನಲ್ಲ ಎಂಬ ಅಳುಕು. "ಇದರಾಗ ಹೊಲಸು ಏನೈತಿ? ನಮ್ಮ ಧಾರಾವಾಹಿಯೊಳಗ ಅತ್ತಿ ಸೊಸಿಗೆ ವಿಷ ಹಾಕೋದು ನೋಡಿಕೋತ ಎಲ್ಲರೂ ಕೂಡಿ ಉಣ್ಣತೀವಿ" ಎಂದರು ನಮ್ಮ ಮನೆಯವರು. ನನಗೆ ಉತ್ತರ ಹೊಳೆಯಲಿಲ್ಲ.

ಹೆಂಗಸರು ಬರೆದ ಗಂಡಸರ ಪ್ರೇಮ

ಇದು ನಿನ್ನೆ ಮೊನ್ನೆ ಹುಟ್ಟಿದ ಶೋಕಿಯಲ್ಲ. ೧೯೭೦ರ ದಶಕದಲ್ಲಿ ಜಪಾನಿನಲ್ಲಿ ಹುಡುಗಿಯರ ಚಿತ್ರಕಥಾ ಪತ್ರಿಕೆಗಳಿಗೆ ಬರೆಯುತ್ತಿದ್ದ ಯುವತಿಯರು ಇದನ್ನು ಆರಂಭಿಸಿದರು. ಮೊಟೊ ಹಾಗಿಯೊ ೧೯೭೪ರಲ್ಲಿ, ಕೈಕೊ ತಾಕೆಮಿಯಾ ೧೯೭೬ರಲ್ಲಿ ಬರೆಯತೊಡಗಿದ ಕಥೆಗಳಲ್ಲಿ ಯುರೋಪಿನ ವಸತಿ ಶಾಲೆಯ ಹುಡುಗರ ನಡುವಿನ ಪ್ರೀತಿಯ ವಿಷಯವಿತ್ತು. ಬರೆದವರು ಹೆಂಗಸರು, ಓದಿದವರಲ್ಲಿ ಹೆಚ್ಚಿನವರೂ ಹೆಣ್ಣುಮಕ್ಕಳೇ. ಅಲ್ಲಿಂದ ಈ ಬಗೆಯ ಕಥೆ ತೈವಾನ್, ಚೀನಾ, ಥಾಯ್ಲೆಂಡ್‌ಗಳಿಗೆ ಹೋಯಿತು. ಕಾದಂಬರಿಯಾಯಿತು, ಆಮೇಲೆ ಧಾರಾವಾಹಿಯಾಯಿತು.

ಥಾಯ್ಲೆಂಡಿನಲ್ಲಿ ೨೦೧೪ರ 'ಲವ್ ಸಿಕ್', ೨೦೧೬ರ 'ಸೋಟಸ್' ದಾರಿ ಮಾಡಿದವು. ೨೦೨೦ರಲ್ಲಿ ಕೊರೊನಾ ಬಂದು ಜಗತ್ತೆಲ್ಲ ಮನೆಯೊಳಗೆ ಕುಳಿತಾಗ 'ಟುಗೆದರ್' ಎಂಬ ಥಾಯ್ ಧಾರಾವಾಹಿ ದೇಶದೇಶಗಳಲ್ಲಿ ಮನೆಮಾತಾಯಿತು. ತನ್ನ ಬೆನ್ನು ಬಿದ್ದವನಿಂದ ಬಿಡಿಸಿಕೊಳ್ಳಲು ಹುಡುಗನೊಬ್ಬ ಕಾಲೇಜಿನ ಇನ್ನೊಬ್ಬನನ್ನು 'ನನ್ನ ಪ್ರಿಯಕರನ ಹಾಗೆ ನಟಿಸು' ಎಂದು ಕಾಡಿ ಬೇಡುತ್ತಾನೆ. ನಟನೆ ನಿಜವಾಗುತ್ತದೆ. ನಮ್ಮ ಮಕ್ಕಳು ಹಾಸ್ಟೆಲು ಬಿಟ್ಟು ಹಳ್ಳಿಯ ಮನೆಯಲ್ಲಿ ಆನ್‌ಲೈನ್ ಪಾಠವೆಂದು ಮೊಬೈಲು ಹಿಡಿದ ಕಾಲವೂ ಅದೇ. ದೇವದುರ್ಗದ ಹುಡುಗಿ ಮೊದಲು ನೋಡಿದ್ದು ಆಗಲೇ ಅಂತೆ.

ಎಲ್ಲ ದೇಶದಲ್ಲೂ ಇದಕ್ಕೆ ಸಲುಗೆ ಇಲ್ಲ. ಚೀನಾದಲ್ಲಿ ೨೦೧೯ರಲ್ಲಿ ಬಂದ 'ದಿ ಅನ್‌ಟೇಮ್ಡ್' ಐವತ್ತು ಕಂತಿನ ದೊಡ್ಡ ಧಾರಾವಾಹಿ. ಮೂಲ ಕಾದಂಬರಿಯಲ್ಲಿ ಇಬ್ಬರು ನಾಯಕರ ಪ್ರೇಮವಿದೆ. ತೆರೆಯ ಮೇಲೆ ಅದನ್ನು ಸ್ನೇಹವೆಂದು ತೋರಿಸಬೇಕಾಯಿತು. ಮುಂದೆ ೨೦೨೧ರಿಂದ ಅಲ್ಲಿ ಇಂಥ ಕಥೆಗಳಿಗೆ ಬಿಗಿ ಇನ್ನೂ ಹೆಚ್ಚಿತು. ಇನ್ನೊಂದು ಕಡೆ ತೈವಾನ್ ೨೦೧೯ರ ಮೇ ೨೪ರಿಂದ, ಥಾಯ್ಲೆಂಡ್ ೨೦೨೫ರ ಜನವರಿ ೨೩ರಿಂದ ಇಬ್ಬರು ಗಂಡಸರ ಅಥವಾ ಇಬ್ಬರು ಹೆಂಗಸರ ಮದುವೆಯನ್ನು ಕಾನೂನಿನಲ್ಲಿ ಒಪ್ಪಿಕೊಂಡಿವೆ.

"ಯಾಕ ನೋಡತೀಯವ್ವ?"

ಮುಂದಿನ ಭಾನುವಾರ ಹುಡುಗಿ ನಮ್ಮ ಮನೆಗೆ ಬಂದಳು. ಬೈಸಿಕೊಳ್ಳಲು ತಯಾರಾಗಿಯೇ ಬಂದಿದ್ದಳು, ತಲೆ ತಗ್ಗಿಸಿಕೊಂಡು. ನಮ್ಮ ಮನೆಯವರು ಚಹಾ ಕೊಟ್ಟು, "ನಾವೂ ನೋಡಿದಿವಿ. ಆ ಅಡಿಗಿ ಮಾಡೋ ಹುಡುಗ ಚಲೋ ಅದಾನ" ಎಂದಾಗ ತಲೆ ಎತ್ತಿದಳು. ಆಮೇಲೆ ಮಾತು ನಿಲ್ಲಲಿಲ್ಲ.

ಥಾಯ್ ಭಾಷೆಯಲ್ಲಿ ಗಂಡಸರು ಮಾತಿನ ಕೊನೆಗೆ 'ಖ್ರಾಪ್' ಎಂದೂ ಹೆಂಗಸರು 'ಖಾ' ಎಂದೂ ಮರ್ಯಾದೆಗೆ ಸೇರಿಸುತ್ತಾರಂತೆ. "ನಮ್ಮ 'ರೀ' ಇದ್ದಂಗ ಸರ್ರ" ಎಂದಳು. ದೊಡ್ಡವರನ್ನು 'ಪೀ' ಎಂದು, ಚಿಕ್ಕವರನ್ನು 'ನೊಂಗ್' ಎಂದು ಕರೆಯುತ್ತಾರೆ. ಅಣ್ಣ, ಅಕ್ಕ ಎರಡಕ್ಕೂ 'ಪೀ' ಒಂದೇ. ನನಗೆ ಕುತೂಹಲ ಕೆರಳಿತು. ವಿಜ್ಞಾನಕ್ಕೆ ಏನೆನ್ನುತ್ತಾರೆ ಎಂದೆ. 'ವಿತ್ಥಯಾಸಾತ್' ಎಂದಳು. ನಮ್ಮ ವಿದ್ಯಾ, ಶಾಸ್ತ್ರ ಎರಡೂ ಕೂಡಿದ ಮಾತು! ವಿಶ್ವವಿದ್ಯಾಲಯಕ್ಕೆ 'ಮಹಾವಿತ್ಥಯಾಲಯ್'. ಎಂಜಿನಿಯರಿಂಗಿಗಂತೂ 'ವಿಸವಕಮ್ಮಸಾತ್', ಅಂದರೆ ವಿಶ್ವಕರ್ಮಶಾಸ್ತ್ರ. ಸಂಸ್ಕೃತದ ಮಾತುಗಳು ಸಮುದ್ರ ದಾಟಿ ಹೋಗಿ ಅಲ್ಲಿ ಸಂಸಾರ ಹೂಡಿವೆ. ಕದ್ದು ನೋಡಿದ ಧಾರಾವಾಹಿಯಿಂದ ಈ ಹುಡುಗಿ ಅದನ್ನು ತಾನೇ ಹುಡುಕಿ ತೆಗೆದಿದ್ದಾಳೆ. ಹತ್ತನೆಯ ತರಗತಿಯಲ್ಲಿ ಇಂಗ್ಲಿಷ್ ಎಂದರೆ ಅಳುತ್ತಿದ್ದವಳು ಈಗ ಅಡಿಬರಹವನ್ನು ಓಡುತ್ತ ಓದುತ್ತಾಳೆ.

"ಅದು ಸರಿ. ಹುಡುಗ ಹುಡುಗಿ ಕಥಿ ಇಲ್ಲೇನು? ಇದನ್ನ ಯಾಕ ನೋಡತೀಯವ್ವ?" ಎಂದು ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ನಮ್ಮ ಸಿನಿಮಾದಾಗ ಹೀರೋ ಹುಡುಗಿ ಹಿಂದ ಬೀಳತಾನ. ಆಕಿ ಬ್ಯಾಡ ಅಂದರೂ ಬಿಡಂಗಿಲ್ಲ. ಕಡೀಕ ಆಕಿನೇ ಸೋಲಬೇಕು. ನಾ ನೋಡಿಕೋತ ಕುಂತರ, ನಾನೇ ಆಕಿ ಆದಂಗ ಆಗತದ ಸರ್ರ. ಆಕಿ ಬಣ್ಣ, ಆಕಿ ಸೀರಿ, ಎಲ್ಲಾ ನನಗ ಅಳತಿ ಹಾಕಿದಂಗ. ಇದರಾಗ ಹುಡುಗಿನೇ ಇಲ್ಲ. ಇಬ್ಬರೂ ಸಮ. ಒಬ್ಬ ಇನ್ನೊಬ್ಬನ್ನ ಕೇಳತಾನ, ನಿನಗ ಒಪ್ಪಿಗಿ ಐತೇನು ಅಂತ. ನನ್ನ ಯಾರೂ ಹಂಗ ಕೇಳಿಲ್ಲ. ಮದುವಿ ಮಾಡತೀನಿ ಅಂದಾಗೂ ಅಪ್ಪ ಕೇಳಲಿಲ್ಲ."

ಹಸಿವಾದವರು ಅನ್ನದ ವಾಸನೆ ಬಂದ ಕಡೆ ತಿರುಗಿದ ಹಾಗೆ, ಸಮಾನರ ನಡುವಿನ ಪ್ರೀತಿ ಎಲ್ಲಿ ಕಂಡಿತೋ ಅಲ್ಲಿಗೆ ಈ ಮಗು ತಿರುಗಿದೆ. ಜಪಾನಿನ ಹೆಂಗಸರು ಐವತ್ತು ವರ್ಷದ ಹಿಂದೆ ಈ ಕಥೆಗಳನ್ನು ಏಕೆ ಕಟ್ಟಿದರು ಎಂದು ವಿಚಾರ ಮಾಡಿದವರು ಹೇಳುವ ಕಾರಣಗಳಲ್ಲಿಯೂ ಇದು ಒಂದು.

ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದಳು. ಅವರ ಕ್ಲಾಸಿನಲ್ಲಿ ಒಬ್ಬ ಹುಡುಗನ ನಡಿಗೆ, ದನಿ ಸ್ವಲ್ಪ ಮೆದು. ಎಲ್ಲರೂ ಅವನಿಗೆ ಹೆಸರಿಟ್ಟು ಕರೆಯುತ್ತಾರೆ. "ನಾನೂ ಮೊದಲು ನಗತಿದ್ದೆ ಸರ್ರ. ಈಗ ನಗಂಗಿಲ್ಲ."

ಮಾನ್ವಿಯ ಹುಡುಗ

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಸುಮಾರು ಇಪ್ಪತ್ತೈದು ವರ್ಷದ ಹಿಂದಿನ ಮಾತು. ನಾನು ಮಾನ್ವಿ ತಾಲ್ಲೂಕಿನ ಒಂದು ಶಾಲೆಯಲ್ಲಿ ಹೊಸ ಮೇಷ್ಟ್ರು. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹೃದಯದ ಚಿತ್ರವನ್ನು, ಹೂವಿನ ಸೀಳು ಚಿತ್ರವನ್ನು ಅವನಂತೆ ಬರೆಯುವವರನ್ನು ನಾನು ಮತ್ತೆ ಕಂಡಿಲ್ಲ. ಒಂದು ದಿನ ಹುಡುಗರು ಅವನ ನೋಟುಬುಕ್ಕಿನಿಂದ ಒಂದು ಹಾಳೆ ಹರಿದು ತಂದರು. ತರಗತಿಯ ಇನ್ನೊಬ್ಬ ಹುಡುಗನಿಗೆ ಬರೆದ, ಆದರೆ ಕೊಡದೆ ಇಟ್ಟುಕೊಂಡ ನಾಲ್ಕು ಸಾಲು. 'ನೀನು ಬಾರದ ದಿನ ಶಾಲೆ ಬೇಡ ಅನಿಸುತ್ತದೆ' ಎಂಬಂಥ ಮಾತು, ಅದಕ್ಕಿಂತ ಹೆಚ್ಚೇನಿಲ್ಲ.

ನಾನು ಅದನ್ನು ಮಡಿಸಿ ಅವನ ಕೈಗೆ ಕೊಟ್ಟು ಪಾಠ ಮುಂದುವರಿಸಬಹುದಿತ್ತು. ಹಾಗೆ ಮಾಡಲಿಲ್ಲ. ಅವನನ್ನು ಎಬ್ಬಿಸಿ ನಿಲ್ಲಿಸಿ "ಗಂಡಸಾಗಲೇ ಮೊದಲ" ಎಂದೆ. ತರಗತಿ ನಕ್ಕಿತು. ನಾನೂ ನಕ್ಕೆ ಎಂದು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು. ಮರುದಿನ ಅವನ ತಂದೆಯನ್ನು ಕರೆಸಿದೆ. ಮನೆಯಲ್ಲಿ ಏನಾಯಿತೋ, ಹುಡುಗ ಮತ್ತೆ ಶಾಲೆಗೆ ಬರಲಿಲ್ಲ. ದುಡಿಯಲು ಬೆಂಗಳೂರಿಗೆ ಹೋದನೆಂದು ಯಾರೋ ಹೇಳಿದರು. ಈಗ ಅವನಿಗೆ ನಲವತ್ತರ ಹತ್ತಿರ ವಯಸ್ಸು. ಎಲ್ಲಿದ್ದಾನೋ, ಹೇಗಿದ್ದಾನೋ ತಿಳಿಯದು.

ಅವನಿಗೆ ತನ್ನಂಥವರೊಬ್ಬರ ಕಥೆ ಯಾವ ಪುಸ್ತಕದಲ್ಲೂ ಯಾವ ಪರದೆಯಲ್ಲೂ ಸಿಕ್ಕಿರಲಿಲ್ಲ. ಸಿಕ್ಕಿದ್ದು ನನ್ನ ನಗು ಒಂದೇ. ಹುಡುಗಿಯ ತಂದೆ ಕೇಳಿದ ಪ್ರಶ್ನೆಗಳಿಗೆ ನಾನು ಈಗ ಉತ್ತರ ಬರೆಯುವುದು ಅವನಿಗೆ ಕೊಡಬೇಕಾಗಿದ್ದ ಬಾಕಿಯೂ ಹೌದು.

ಇದು ರೋಗವೇ?

ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ೧೯೯೦ರ ಮೇ ೧೭ರಂದು ಸಲಿಂಗ ಪ್ರೀತಿಯನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ಅಮೆರಿಕದ ಮನೋವೈದ್ಯರ ಸಂಘ ೧೯೭೩ರಲ್ಲಿಯೇ ತೆಗೆದಿತ್ತು. ಮಾನ್ವಿಯ ಆ ಹುಡುಗನನ್ನು ನಾನು ನಿಲ್ಲಿಸಿ ನಗುವಷ್ಟರಲ್ಲಿ ಈ ತೀರ್ಮಾನಕ್ಕೆ ಹತ್ತು ವರ್ಷವಾಗಿತ್ತು. ಬಿ.ಎಸ್ಸಿ., ಬಿ.ಎಡ್. ಮುಗಿಸಿ ವಿಜ್ಞಾನ ಕಲಿಸುತ್ತಿದ್ದ ನನಗೆ ಅದು ಗೊತ್ತಿರಲಿಲ್ಲ, ತಿಳಿದುಕೊಳ್ಳಲೂ ಇಲ್ಲ. ರೋಗವಲ್ಲದ್ದಕ್ಕೆ ಮದ್ದೂ ಇಲ್ಲ. 'ಸರಿಪಡಿಸುತ್ತೇವೆ' ಎಂದು ಚಿಕಿತ್ಸೆ ಕೊಡುವುದು ವೈದ್ಯವೃತ್ತಿಗೆ ಸಲ್ಲದ ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ೨೦೨೨ರಲ್ಲಿ ತಿಳಿಸಿದೆ. ಇದಕ್ಕೆ ಕಾರಣವಾದದ್ದು ೨೦೨೧ರ ಮದ್ರಾಸ್ ಹೈಕೋರ್ಟಿನ ಆದೇಶ.

ನೋಡಿದರೆ ಅಂಟುತ್ತದೆಯೇ? ಇಲ್ಲ. ಮನಸ್ಸು ಯಾರ ಕಡೆ ಒಲಿಯಬೇಕು ಎಂಬುದು ಧಾರಾವಾಹಿ ನೋಡಿ ಬರುವುದಾಗಿದ್ದರೆ, ಹುಟ್ಟಿದಾಗಿನಿಂದ ಗಂಡು ಹೆಣ್ಣಿನ ಸಿನಿಮಾ ಮಾತ್ರ ನೋಡಿದವರಲ್ಲಿ ಸಲಿಂಗಿಗಳು ಇರಲೇಬಾರದಿತ್ತು. ಮಾನ್ವಿಯ ಹುಡುಗ ಇದ್ದನಲ್ಲ! ಹಾಗಾದರೆ ಒಂದೇ ಜೀನಿನಿಂದ ಬರುತ್ತದೆಯೇ ಎಂದರೆ ಅದೂ ಅಲ್ಲ. ೨೦೧೯ರಲ್ಲಿ ೪.೭ ಲಕ್ಷಕ್ಕೂ ಹೆಚ್ಚು ಜನರ ಜೀನುಗಳನ್ನು ಪರೀಕ್ಷಿಸಿದ ಅಧ್ಯಯನದಲ್ಲಿ ಅಂಥ ಒಂದು ಜೀನು ಸಿಗಲಿಲ್ಲ. ಅನೇಕ ಜೀನುಗಳ ಸಣ್ಣ ಸಣ್ಣ ಪಾಲು, ಅದರ ಜೊತೆ ಬೇರೆ ಕಾರಣಗಳು ಇವೆ ಎಂಬುದಷ್ಟೇ ಕಂಡಿತು. ನಮ್ಮ ಎತ್ತರ, ಮೈಬಣ್ಣಗಳ ಲೆಕ್ಕವೂ ಹೀಗೆಯೇ ಹಲವು ಎಳೆಗಳದ್ದು. ಇನ್ನು ಪ್ರಕೃತಿಗೆ ವಿರುದ್ಧ ಎನ್ನುವ ಮಾತು. ಒಂದೇ ಲಿಂಗದ ಜೋಡಿಗಳನ್ನು ಪ್ರಾಣಿಶಾಸ್ತ್ರಜ್ಞರು ನೂರಾರು ಬಗೆಯ ಪ್ರಾಣಿ ಪಕ್ಷಿಗಳಲ್ಲಿ ಕಂಡು ಬರೆದಿಟ್ಟಿದ್ದಾರೆ.

ನಮ್ಮ ಕಡೆ ಜನ ಕೇಳುವ ಇನ್ನೊಂದು ಪ್ರಶ್ನೆ: "ಮುಂದ ಜೋಗಪ್ಪ ಆಗತಾರೇನು?" ಇವೆರಡೂ ಬೇರೆ ಬೇರೆ. ತಾನು ಗಂಡೋ ಹೆಣ್ಣೋ ಎಂಬ ಒಳ ಅರಿವು ಒಂದು. ಮನಸ್ಸು ಯಾರಿಗೆ ಒಲಿಯುತ್ತದೆ ಎಂಬುದು ಇನ್ನೊಂದು. ಒಂದನ್ನು ಇನ್ನೊಂದರ ಜೊತೆ ಕಲಸಬಾರದು. ಹಾಗೆಂದು ಜೋಗತಿಯಾಗುವುದು ಕೀಳು ಎಂದೂ ಅಲ್ಲ. ಪಕ್ಕದ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ೨೦೨೧ರಲ್ಲಿ ಪದ್ಮಶ್ರೀ ಪಡೆದರು.

ಅಪರಾಧವೇ? ಬ್ರಿಟಿಷರು ೧೮೬೦ರ ದಂಡಸಂಹಿತೆಯಲ್ಲಿ ಇಟ್ಟುಹೋದ ೩೭೭ನೆಯ ಕಲಮಿನಿಂದ, ವಯಸ್ಕರು ಪರಸ್ಪರ ಒಪ್ಪಿ ಬಾಳುವುದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ೨೦೧೮ರ ಸೆಪ್ಟೆಂಬರ್ ೬ರಂದು ತೀರ್ಪಿತ್ತಿತು. ಮದುವೆಯ ಹಕ್ಕನ್ನು ಮಾತ್ರ ೨೦೨೩ರ ಅಕ್ಟೋಬರಿನ ತೀರ್ಪಿನಲ್ಲಿ ಕೋರ್ಟು ಕೊಡಲಿಲ್ಲ. ಅದನ್ನು ಶಾಸನ ಮಾಡುವವರಿಗೆ ಬಿಟ್ಟಿತು.

ವಿದ್ಯಾರ್ಥಿಗಳಿಗೆ ನಾಲ್ಕು ಮಾತು

ಹಾಗಾದರೆ ಎಲ್ಲವೂ ಸರಿ, ಎಷ್ಟು ಬೇಕಾದರೂ ನೋಡಿ ಎಂದು ನಾನು ಹೇಳುತ್ತಿಲ್ಲ. ಅಭಿಮಾನಿಗಳಾದ ಮಕ್ಕಳು ಕೋಪಿಸಿಕೊಳ್ಳದೆ ಕೇಳಬೇಕು.

ಮೊದಲನೆಯದು ವಯಸ್ಸು. ಈ ಧಾರಾವಾಹಿಗಳು ಎಲ್ಲವೂ ಒಂದೇ ಅಲ್ಲ. ಕೆಲವು ಕೈ ಹಿಡಿಯುವುದರಲ್ಲೇ ಮುಗಿಯುತ್ತವೆ, ಕೆಲವು ದೊಡ್ಡವರಿಗೆ ಮಾತ್ರ ತಕ್ಕವು. ೨೦೨೧ರ ನಿಯಮಗಳ ಪ್ರಕಾರ ನಮ್ಮ ದೇಶದ ಒ.ಟಿ.ಟಿ.ಗಳು ಎಲ್ಲರಿಗೂ, ೭ ಮೇಲ್ಪಟ್ಟು, ೧೩ ಮೇಲ್ಪಟ್ಟು, ೧೬ ಮೇಲ್ಪಟ್ಟು, ವಯಸ್ಕರಿಗೆ ಮಾತ್ರ ಎಂದು ಗುರುತು ಹಾಕಬೇಕು. ಆ ಗುರುತನ್ನು ಔಷಧದ ಸೀಸೆಯ ಮೇಲಿನ ತಾರೀಖಿನಂತೆ ಓದಿಯೇ ಮುಂದುವರಿಯಿರಿ. ಯೂಟ್ಯೂಬಿನಲ್ಲಿ ಇಂಥ ಗುರುತು ಯಾವಾಗಲೂ ಇರುವುದಿಲ್ಲ, ಅಲ್ಲಿ ಇನ್ನೂ ಎಚ್ಚರ ಬೇಕು.

ಎರಡನೆಯದು ಬಲವಂತ. ಹಳೆಯ ಕೆಲವು ಧಾರಾವಾಹಿಗಳಲ್ಲಿ ಒಪ್ಪಿಗೆಯಿಲ್ಲದೆ ಮೇಲೆ ಬೀಳುವುದನ್ನೇ ಪ್ರೀತಿ ಎಂದು ತೋರಿಸಿದ್ದಾರೆ. 'ಸೋಟಸ್'ನಂಥ ಕಥೆಯಲ್ಲಿ ಎಂಜಿನಿಯರಿಂಗ್ ಕಾಲೇಜಿನ ಹಿರಿಯರು ಕಿರಿಯರನ್ನು ಗದರಿಸಿ ದುಡಿಸುವುದನ್ನು ನೋಡಬಹುದು. ನಮ್ಮಲ್ಲಿ ಅದಕ್ಕೆ ರ‍್ಯಾಗಿಂಗ್ ಎನ್ನುತ್ತಾರೆ, ಅದು ಅಪರಾಧ. ನಮ್ಮ ಸಿನಿಮಾದ ಹೀರೋ ಮಾಡಿದರೆ ತಪ್ಪಾದದ್ದು ಚೆಲುವಾದ ಥಾಯ್ ಹುಡುಗ ಮಾಡಿದರೂ ತಪ್ಪೇ.

ಮೂರನೆಯದು ನಟರು. ತೆರೆಯ ಮೇಲಿನ ಜೋಡಿ ನಿಜ ಜೀವನದಲ್ಲೂ ಜೋಡಿ ಎಂದು ನಂಬಿ, ಅವರಲ್ಲೊಬ್ಬ ಬೇರೆ ಯಾರ ಜೊತೆಗೋ ಕಂಡರೆ ಅಳುವ, ಬೈಯುವ ಅಭಿಮಾನಿಗಳಿದ್ದಾರೆ. ಕಂಪನಿಗಳಿಗೂ ಈ ನಂಬಿಕೆಯೇ ಬಂಡವಾಳ. ನಮ್ಮ ಊರಿನ ದೊಡ್ಡಾಟದಲ್ಲಿ ರಾತ್ರಿಯಿಡೀ ದ್ರೌಪದಿಯಾಗಿ ಅತ್ತವನು ಬೆಳಗಾದರೆ ಮುಖ ತೊಳೆದು ಎತ್ತು ಹೊಡೆದುಕೊಂಡು ಹೊಲಕ್ಕೆ ಹೋಗುತ್ತಾನೆ. ಯಾರೂ ಅವನನ್ನು ಭೀಮ ಎಲ್ಲಿ ಎಂದು ಕೇಳುವುದಿಲ್ಲ. ಆ ಬುದ್ಧಿ ಮೊಬೈಲಿನ ಮುಂದೆಯೂ ಇರಲಿ.

ನಾಲ್ಕನೆಯದು ನಿಜವಾದ ಬದುಕು. ಆ ಧಾರಾವಾಹಿಗಳ ಹುಡುಗರೆಲ್ಲ ಸಾಮಾನ್ಯವಾಗಿ ಸಿರಿವಂತರು, ಸುಂದರರು. ಅವರಿಗೆ ಸಾಲವಿಲ್ಲ, ಜಾತಿಯಿಲ್ಲ, ಮದುವೆಗೆ ಕಾಡುವ ಸೋದರತ್ತೆ ಇಲ್ಲ. ನಮ್ಮ ನೆಲದಲ್ಲಿ ಆ ಬದುಕು ಹೇಗಿರುತ್ತದೆ ಎಂದು ದೊಡ್ಡವರಾದ ಮೇಲೆ ತಿಳಿಯಬೇಕಾದರೆ, ಸಂಡೂರಿನವರಾದ ವಸುಧೇಂದ್ರರ 'ಮೋಹನಸ್ವಾಮಿ' ಕಥಾಸಂಕಲನವಿದೆ. ೨೦೧೩ರಲ್ಲಿ ಬಂದದ್ದು. ಪರದೆಯ ಮೇಲಿನ ಹುಡುಗನಿಗಾಗಿ ಕಣ್ಣೀರು ಹಾಕಿ, ಪಕ್ಕದ ಬೆಂಚಿನ ಹುಡುಗನಿಗೆ ಅಡ್ಡಹೆಸರು ಇಟ್ಟರೆ ನಿಮ್ಮ ಅಭಿಮಾನಕ್ಕೆ ಅರ್ಥವಿಲ್ಲ.

ನಿದ್ದೆಯ ವಿಷಯ ಬೇರೆ ಹೇಳಬೇಕಾಗಿಲ್ಲ. ಓದಿದ್ದು ನೆನಪಿನಲ್ಲಿ ನೆಲೆಯಾಗುವುದಕ್ಕೆ ರಾತ್ರಿಯ ನಿದ್ದೆ ಬೇಕು. ರಾತ್ರಿ ಎರಡರವರೆಗೆ ಭಗವದ್ಗೀತೆ ಓದಿದರೂ ಮರುದಿನ ತರಗತಿಯಲ್ಲಿ ತೂಕಡಿಕೆ ಬರುತ್ತದೆ.

ದೇವದುರ್ಗದ ಪಡಸಾಲೆ

ಹೇಳಿದ ಎರಡು ವಾರಕ್ಕೆ ಸರಿಯಾಗಿ ನಾನು ದೇವದುರ್ಗಕ್ಕೆ ಹೋದೆ. ಹುಡುಗಿಯೂ ಊರಿಗೆ ಬಂದಿದ್ದಳು. ಪಡಸಾಲೆಯಲ್ಲಿ ಬಿಡಿಸಿದ ಹತ್ತಿಯ ರಾಶಿ. ಒಳಗೆ ತಾಯಿ ರೊಟ್ಟಿ ಬಡಿಯುತ್ತಿದ್ದ ಸದ್ದು. ಮೇಲೆ ಬರೆದದ್ದನ್ನೆಲ್ಲ ತಂದೆಗೆ ಹೇಳಿದೆ. ಮಾನ್ವಿಯ ಹುಡುಗನ ಸಂಗತಿಯನ್ನೂ ಬಿಡದೆ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

"ಅಂದ್ರ ನನ್ನ ಮಗಳು ಹಂಗ ಅಲ್ಲ ಅಂತೀರೇನ್ರಿ?" ಎಂದು ಕೇಳಿದರು.

"ಅದು ನನಗ ಗೊತ್ತಿಲ್ಲರಿ. ನೋಡೋ ಮಕ್ಕಳೆಲ್ಲ ಹಂಗ ಇರಂಗಿಲ್ಲ. ಇದ್ದರೂ ಆಕಿ ನಿಮ್ಮ ಮಗಳೇ. ಈಗ ನಡದದ್ದು ಆಕಿ ಓದಿನ ಮಾತು" ಎಂದೆ.

ಪಾಲಕರೇ, ನಾನು ಹೇಳಬೇಕೆಂದಿರುವ ಮಾತು ಇಷ್ಟೇ. ಮುಟ್ಟಿದರೆ ಮನಸ್ಸು ಕೇಳಿಸುವ ಶಕ್ತಿ ನಮಗೆ ಯಾರಿಗೂ ಇಲ್ಲ. ಆ ಕಥೆಯ ಅದಾಚಿಗೂ ಕೊನೆಕೊನೆಗೆ ಆ ಶಕ್ತಿ ಸಾಲದಾಗುತ್ತದೆ, ಬಾಯಿ ಬಿಟ್ಟು ಮಾತಾಡಲೇಬೇಕಾಗುತ್ತದೆ. ಮಕ್ಕಳ ಮೊಬೈಲು ಕಸಿದುಕೊಂಡರೆ ಅವರು ಏನು ನೋಡಿದರು ಎಂಬುದು ತಿಳಿಯುತ್ತದೆ. ಅದರಲ್ಲಿ ಏನು ಕಂಡರು ಎಂಬುದು ಕೇಳಿದರೆ ಮಾತ್ರ ತಿಳಿಯುತ್ತದೆ. ನಿಮ್ಮ ಮಗ ಅಥವಾ ಮಗಳು ಮಂಕಾಗಿ ಕೂತಿದ್ದರೆ, ನಿಮಗೆ ಹೇಗೆ ಮಾತಾಡಬೇಕೆಂದು ತೋಚದಿದ್ದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ೧೪೪೧೬ಕ್ಕೆ ಹಣವಿಲ್ಲದೆ ಫೋನು ಮಾಡಬಹುದು. ಮಕ್ಕಳೂ ಮಾಡಬಹುದು, ಪಾಲಕರೂ ಮಾಡಬಹುದು.

ಊಟಕ್ಕೆ ಎಬ್ಬಿಸುವ ಮೊದಲು ತಂದೆ ಜೇಬಿನಿಂದ ಮೊಬೈಲು ತೆಗೆದರು. ಮಗಳ ಕೈಗೆ ಕೊಟ್ಟು, "ರಾತ್ರಿ ಹತ್ತರ ಮ್ಯಾಲ ಮುಟ್ಟಬ್ಯಾಡ" ಎಂದರು. ಗಂಡು ನೋಡುವ ಮಾತು ಎತ್ತಲಿಲ್ಲ. ಕೈ ಬಿಟ್ಟಿದ್ದಾರೆಂದೂ ನಾನು ಹೇಳಲಾರೆ. ಮುಂದಿನ ವಾರದ ಪರೀಕ್ಷೆಗೆ ಅವಳು ರಾಯಚೂರಿಗೆ ಹೋದಳು, ಅಷ್ಟು ಗೊತ್ತು.

ಊಟ ಮುಗಿಸಿ ಹೊರಡುವಾಗ ಪಡಸಾಲೆಯಲ್ಲಿ ತಂದೆ ಮಗಳು ಹತ್ತಿ ರಾಶಿಗೆ ಒರಗಿ ಕುಳಿತಿದ್ದರು. ಪರದೆಯ ಮೇಲೆ ಕುರೊಸಾವಾ ಅಡುಗೆ ಮಾಡುತ್ತಿದ್ದ. ತಂದೆ ಕಣ್ಣು ಕಿರಿದು ಮಾಡಿ ನೋಡಿ, "ಏನಂತಾನ ಇವಾ? ಓದಿ ಹೇಳವ್ವ" ಎಂದರು.

ಹುಡುಗಿ ಓದಿ ಹೇಳತೊಡಗಿದಳು.